ಪೆನ್ಸಿಲ್ಲಿನ ಆರು ಕಿಲೋ

ಸುಂಟಿಕೊಪ್ಪದ ಕಾಫಿ ಮಂಡಿಯಲ್ಲಿ
ಲೆಕ್ಕ ಬರೆಯುವವನು ನಾನು.
ಹತ್ತು ಚೀಲ ರೋಬಸ್ಟಾ ತಂದ ದೇಚಮ್ಮ ಟೀಚರು
ಸರದಿ ಕಾಯುತ್ತ, ಖಾಲಿ ಗೋಣಿಗಳ ಮೇಲೆ ಕೂತು ಹೇಳಿದರು:
ಗೆಲಾಕ್ಸಿಯ ಅಂಚಿನ ನಕ್ಷತ್ರಗಳು
ನಿಧಾನವಾಗಬೇಕಿತ್ತಂತೆ. ಆಗುತ್ತಿಲ್ಲ.
ಒಳಗಿನವುಗಳಷ್ಟೇ ಓಟ.
ಕಣ್ಣಿಗೆ ಕಾಣುವ ತೂಕ ಇಷ್ಟೇ ಆದರೆ
ಎಂದೋ ಚದುರಿಹೋಗಬೇಕಿತ್ತು.

ಚೀಲದಲ್ಲಿ ಕಾಣದ್ದೇನೋ ಇದೆ, ಅಂತ ಒಂದು ಪಕ್ಷ.
ಇಲ್ಲ, ಕಾಟಾವೇ ತಪ್ಪು,
ಸೆಳೆತ ಅಷ್ಟು ಸಣ್ಣದಾದಾಗ ನಿಯಮವೇ ಬೇರೆ, ಅಂತ ಇನ್ನೊಂದು.

ತೂಕದ ಮೊಯ್ದು ನಕ್ಕ.
ಅವನಿಗಿದು ದಿನಾ ಸಂಜೆಯ ಜಗಳ.
ಹೆಚ್ಚು ಬಂದರೆ ಕೊಳ್ಳುವವ ‘ತೇವ’ ಅನ್ನುತ್ತಾನೆ,
ಕಮ್ಮಿ ಬಂದರೆ ಮಾರುವವ ‘ನಿನ್ನ ಕಾಟಾ’.
ಮೊಣಕೈವರೆಗೆ ಚೀಲದೊಳಗೆ ಕೈ ಇಳಿಸಿ
ಒಂದು ಬೀಜ ಹಲ್ಲಿಗೆ ಕೊಟ್ಟು
ಹೇಳಿಬಿಡುತ್ತಾನೆ: ಹದಿಮೂರು ಪರ್ಸೆಂಟ್ ನೀರು.

‘ಆ ಚೀಲಕ್ಕೆ ಕೈ ಇಳಿಯುವುದಿಲ್ಲ ಮೊಯ್ದು.
ಗಣಿಯ ಆಳದಲ್ಲಿ ಪಾತ್ರೆಯಿಟ್ಟು ಕಾದಿದ್ದಾರೆ,
ವರ್ಷಗಟ್ಟಲೆ. ಒಂದು ಹನಿಯೂ ಬಿದ್ದಿಲ್ಲ.’
‘ಹಂಗಾರೆ ಕಾಟಾ ರಿಪೇರಿ ಮಾಡ್ಲಿ.’
‘ಮಾಡಿದರು. ಒಂದೊಂದೇ ಚೀಲಕ್ಕೆ ಸರಿ ಬರುತ್ತೆ,
ನಂಬಲಾಗದಷ್ಟು ಸರಿ.
ಲಾರಿ ಲೋಡು ಇಟ್ಟರೆ ಮತ್ತೆ ತಾಳೆಯಾಗದು.’

ಮೊಯ್ದು ಬೀಡಿ ಹಚ್ಚಲಿಲ್ಲ.
ಖಾಲಿ ಕಾಟಾದ ಮೇಲೆ ತಾನೇ ಹತ್ತಿ ನಿಂತ,
ಇಳಿದ,
ಮುಳ್ಳು ಸೊನ್ನೆಗೆ ಬರುವವರೆಗೂ ನೋಡಿದ,
ಮತ್ತೆ ಹತ್ತಿದ.

ಟೀಚರ ಹತ್ತು ಚೀಲ
ಅವರ ಮನೆಯಲ್ಲಿ ಐನೂರು, ಇಲ್ಲಿ ಐನೂರ ಆರು.
ದಾರಿಯಲ್ಲಿ ಮಳೆ ಇರಲಿಲ್ಲ.
ಆ ಆರನ್ನು ಮಾತ್ರ
ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.