ಇವಳ ಗುರುತು

ಡೈರಿ ನನ್ನ ಮೇಜಿಗೆ ಬಂದದ್ದು
ಬಿಸ್ಕತ್ತಿನ ಡಬ್ಬಿಯಲ್ಲಿ, ಒಂದು ಮಂಗಳವಾರ.
ತಂದವನು ಕೊಳಾಯಿ ರಿಪೇರಿಯ ಡೆನ್ಝಿಲ್ ಸ್ಟಾರ್ಕಿ.
ಮೊದಲು, ನೆಲಹಲಗೆಯಡಿ ಸಿಕ್ಕಿತು ಅಂದ.
ವಾರ ಕಳೆದ ಮೇಲೆ, ಹೊಗೆಗೂಡಿನೊಳಗೆ.
ವಕೀಲರ ಎದುರು: ನೆನಪಿಲ್ಲ.

ಎಣ್ಣೆಗಾಣದ ಧಣಿ ಆಂಬ್ರೋಸ್ ಕ್ಲೇಪಮ್ಮನ ಲೆಕ್ಕದ ಪುಸ್ತಕ.
ರೀಗಾದಿಂದ ಬಂದಿಳಿದ ಅಗಸೆಬೀಜ,
ಮೂಟೆಗಿಷ್ಟು, ಹಮಾಲಿಗಿಷ್ಟು,
ಇಲಿ ತಿಂದದ್ದು ಇಷ್ಟು.
ಆಮೇಲೆ ಹನ್ನೊಂದು ಖಾಲಿ ಹಾಳೆ.
ಆಮೇಲೆ ಕೊಲೆ.

ಹಂಬರ್ ನದಿಯ ಮಂಜಿಗೆ ಮೀನಿನ ವಾಸನೆ.
ಅದರೊಳಗೆ ನಾಲ್ಕು ಹೆಂಗಸರನ್ನು ಕೊಂದು
ದೀಪದ ಕಂಬದ ಬುಡದಲ್ಲಿ ಕೂರಿಸಿ ಹೋದವನೊಬ್ಬನಿದ್ದ.
ಕೊಲೆಗಾರ ಇದ್ದ, ಹೆಸರಿರಲಿಲ್ಲ.
ನೂರು ವರ್ಷ ಊರು ಅವನಿಗೆ ನಾಮಕರಣ ಮಾಡುತ್ತಲೇ ಇತ್ತು:
ಕಟುಕ ಅಂದರು, ನಾರ್ವೆಯ ನಾವಿಕ ಅಂದರು,
ಪಾದ್ರಿಯ ಅಳಿಯ ಅಂದರು, ಪಿಸುದನಿಯಲ್ಲಿ.
ಲವೀನಿಯಾ ಆಕ್ಸ್‌ಟಬಿ ಇಪ್ಪತ್ತೆರಡು ವರ್ಷ ಕಟುಕನನ್ನು ಸಾಕಿಕೊಂಡವಳು.
ಡೈರಿ ನೋಡಿದ ದಿನ
ಮನೆಯಲ್ಲಿ ಸಾವಾದವರ ಹಾಗೆ ಕೂತಿದ್ದಳು.

ನನ್ನ ಕೆಲಸ ಮಸಿಯದು.
ಹಳೆಯ ಮಸಿ ಕಾಗದವನ್ನು ಕಚ್ಚಿಕೊಂಡಿರುತ್ತದೆ,
ಹೊಸದು ಬಾಡಿಗೆದಾರನ ಹಾಗೆ,
ಒಂದು ಹನಿ ದ್ರಾವಕ ಬಿದ್ದರೆ ಜಾಗ ಬಿಡುತ್ತದೆ.
'ನಾನೇ' ಎಂಬ ಪದದ ಬಾಲಕ್ಕೆ ಹನಿ ಬಿಟ್ಟೆ.
ಕೂದಲೆಳೆಯಷ್ಟು ಸರಿಯಿತು. ನಿಂತಿತು.
ಲೀಡ್ಸಿನವರು ಹಳೆಯದೆಂದರು,
ಮ್ಯೂನಿಕ್‌ನವರು ನಿನ್ನೆ ಮೊನ್ನೆಯದೆಂದರು.
ನಾನು ಬರೆದೆ: ಹೇಳಲಾಗದು.
ಸ್ಟಾರ್ಕಿ ನನ್ನ ಫೀಸು ಕೊಡಲಿಲ್ಲ.

ಡೈರಿಯ ತುಂಬ ಜಂಬ.
ಚಾಕುವಿನ ಹೊಗಳಿಕೆ, ಪೊಲೀಸರಿಗೆ ಬೈಗುಳ,
ಪ್ರಾಸ ಕೂಡಿಸಲು ಹೋಗಿ ಮುಗ್ಗರಿಸಿದ ಪದ್ಯ.
ಮೂರನೆಯವಳು ಮಾತ್ರ ಒಂದೇ ಸಾಲು:
'ತೆರೇಸಾ ಗಾರ್ಬೆಟ್. ಕೂಗಲಿಲ್ಲ.'

ಅವಳು ತೆರೇಸಾ ಅಲ್ಲ. ಗಾರ್ಬೆಟ್ಟೂ ಅಲ್ಲ.
ಥರ್ಜಾ ಗಾರ್ಬಟ್, ಹೆರಿಂಗ್ ಮೀನು ಸೀಳುವವಳು.
ಅಂದಿನ ಪತ್ರಿಕೆಯ ಅಚ್ಚುಮೊಳೆ ಜೋಡಿಸುವವನು
ಅವಸರದಲ್ಲಿ ಎಡವಿದ್ದ, ತಿದ್ದುಪಡಿ ಬರಲೇ ಇಲ್ಲ.

ಸಿಕ್ಕಿಬಿದ್ದ! ಎಂದರು ಒಂದು ಪಕ್ಷದವರು,
ಪೇಪರು ನೋಡಿ ನಕಲು ಹೊಡೆದ ಮೋಸಗಾರ.
ಇನ್ನೊಂದು ಪಕ್ಷ ನಕ್ಕಿತು:
ಕೊಲ್ಲುವವನು ಹೆಸರು ಕೇಳಿ ಕೊಲ್ಲುತ್ತಾನೆಯೇ?
ಮರುದಿನ ಕಾಫಿಯ ಜೊತೆ
ಅವನೂ ಪೇಪರಿನಲ್ಲೇ ಓದಿಕೊಂಡ.
ಎರಡೂ ಸರಿ. ಎರಡು ರಾತ್ರಿ ನಿದ್ದೆಯಿಲ್ಲ ನನಗೆ.

ನದಿದಂಡೆಯ ಚರ್ಚಿನ ನೆಲಮಾಳಿಗೆಗೆ ಹೋದೆ,
ಯಾರೂ ಕಳಿಸಿರಲಿಲ್ಲ.
ಮದುವೆಗಳ ದಫ್ತರು, ಕೊಲೆಗೆ ಒಂಬತ್ತು ವರ್ಷ ಮೊದಲಿನದು.
ತಂಗಿಯ ಮದುವೆ. ಅಕ್ಕ ಸಾಕ್ಷಿ.
ಓದುಬರಹ ಬಾರದವರಿಗೆ ನಮ್ಮಲ್ಲಿ ಹೆಬ್ಬೆಟ್ಟಲ್ಲ,
ಒಂದು ಗೀಟು, ಅದರ ಮೇಲೆ ಅಡ್ಡ ಇನ್ನೊಂದು.
ಮೊದಲ ಗೀಟು ಅಂಜಿದ್ದು, ತೆಳು.
ಎರಡನೆಯದನ್ನು ಮೀನು ಸೀಳಿದ ಹಾಗೆ
ಒಂದೇ ಏಟಿಗೆ ಎಳೆದಿದ್ದಾಳೆ.
ಲೇಖಣಿಯ ಮೊನೆ ಸಿಕ್ಕಿಕೊಂಡಲ್ಲಿ
ಸಾಸಿವೆ ಗಾತ್ರದ ಮಸಿ.
ಪಕ್ಕದಲ್ಲಿ ಗುಮಾಸ್ತನ ದುಂಡಕ್ಷರ:
ಥರ್ಜಾ ಗಾರ್ಬಟ್. ಇವಳ ಗುರುತು.

ಅವನ ಗುರುತಿಗಾಗಿ
ಎಷ್ಟು ಪುಸ್ತಕ, ಎಷ್ಟು ದ್ರಾವಕ, ಎಷ್ಟು ಮುರಿದ ಸ್ನೇಹ.
ಇಲ್ಲಿ ಇವಳದು, ನೂರಾರು ವರ್ಷ ಬಾಯಿ ಮುಚ್ಚಿಕೊಂಡು,
ಯಾರೂ ಅನುಮಾನಿಸದೆ, ಯಾರೂ ನೋಡದೆ.
ನನ್ನ ಜೇಬಿನಲ್ಲಿ ಸೀಸೆ ಇತ್ತು.
ಹನಿ ಹಾಕಲಿಲ್ಲ.
ಉಸಿರು ತಾಗೀತೆಂದು ಮುಖ ತಿರುಗಿಸಿ ಪುಟ ಮುಚ್ಚಿದೆ.

ಡೈರಿ ಈಗ ಯಾರದೋ ಬ್ಯಾಂಕಿನ ಲಾಕರಿನಲ್ಲಿದೆ,
ಬೆಲೆ ಏರುತ್ತಿದೆಯಂತೆ.
ಬಿಸ್ಕತ್ತಿನ ಡಬ್ಬಿಯನ್ನು ಯಾರೂ ವಾಪಸು ಕೇಳಲಿಲ್ಲ.
ಗುಂಡುಸೂಜಿ ಹಾಕಿಟ್ಟಿದ್ದೇನೆ.