ನಡಿಗೆ: ಮೂರು ನಿಮಿಷ

ಹೆಲ್ಸಿಂಕಿ. ಬೆಳಗಿನ ಆರೂಕಾಲು, ಇನ್ನೂ ಇರುಳೇ.
ರೌಹಾಳ ಅಂಗೈಯಲ್ಲಿ ದಾರಿ ಬೆಳಗುತ್ತದೆ:
ದೋಣಿ, ಟ್ರಾಮು, ಮೆಟ್ರೊ, ಕೊನೆಗೊಂದು ಬಸ್ಸು,
ನಾಲ್ಕಕ್ಕೂ ಒಂದೇ ಟಿಕೆಟ್ಟು.
ನಡುವೆ ಬೂದು ಚುಕ್ಕಿಗಳ ಸಾಲು.
ನಡಿಗೆ, ಮೂರು ನಿಮಿಷ. ದರ ಸೊನ್ನೆ.

ಯಾರ ಮೂರು ನಿಮಿಷ?
ಎಪ್ಪತ್ತೆರಡರ ಮಂಡಿ ಅವಳದು.
ಊರುಗೋಲಿಗೆ ಉಕ್ಕಿನ ಹಲ್ಲು,
ಕಲ್ಲುಹಾಸಿಗೆ ಗಾಜಿನಂಥ ಮಂಜುಗಡ್ಡೆ;
ಹೆಜ್ಜೆ ಹೆಜ್ಜೆಗೂ ನೆಲದ ಒಪ್ಪಿಗೆ ಕೇಳಬೇಕು.

ಟ್ರಾಮು ಹೋಗೇಬಿಟ್ಟಿತು.
ಬೇಸರವೇ ಇಲ್ಲದ ಫೋನು ಮತ್ತೆ ಲೆಕ್ಕ ಹಾಕಿತು:
ಮುಂದಿನದು ಎಂಟು ನಿಮಿಷಕ್ಕೆ.
ಇಂದು ನೀವು ಉಳಿಸಿದ ಇಂಗಾಲ
ನೂರೆಂಬತ್ತು ಗ್ರಾಂ, ಅಭಿನಂದನೆ!

ಇದನ್ನೂ ಎಣಿಸಿಕೋ ಎಂದು
ಪರದೆಯ ಮೇಲೆ
ಬಿಳಿ ಉಸಿರು ಬಿಟ್ಟಳು ರೌಹಾ.

ನಿಲ್ದಾಣದಲ್ಲಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದ ಹೋದನ್,
ಮೊಗದಿಶುವಿನ ಹುಡುಗಿ,
ಬೆಂಚಿನ ಹಿಮವನ್ನು ತೋಳಿನಿಂದ ಒರೆಸಿ
ಸರಿದು ಕೂತಳು,
ಕಣ್ಣು ಅರ್ಧ ಮುಚ್ಚಿಕೊಂಡೇ.