ಸೊನ್ನಿ ನಿಲ್ಲವಲ್ಲದು

ಎಕ್ಸ್ ಅಕ್ಷಕ್ಕ ಸೊನ್ನಿ ಕೂಡಿಸಿ
ಚಾ ತರಾಕ ಒಳಗ ಹೋಗಿ ಬಂದ್ರ
ಮೂವತ್ತೈದು ಮೈಕ್ರಾನು ಸರದಿರತೈತಿ.
ಯಾರೂ ಮಶಿನ್ ಮುಟ್ಟಿಲ್ಲ.
ಭೋಸರಿಯ ಭಂಗಾರದಾಗಿಂದ ಎತ್ತಿ ತಂದ ಮಿಲ್ಲಿಂಗ್ ಮಶಿನ್,
ಅದಕ್ಕ ನಾ ಹಚ್ಚಿದ ಹೊಸಾ ಕಣ್ಣು,
ಕೆಂಪು ಅಂಕಿಯ ಡಬ್ಬಿ.

ಮದಲ ಸ್ಕೇಲಿನ ರಬ್ಬರ್ ತುಟಿ ಬಿಡಿಸಿದೆ.
ಒಳಗ ಗಾಜಿನ ಪಟ್ಟಿ, ಕಣ್ಣಿಗೆ ಸಿಗದ ಗೆರಿ.
ಅದರ ಮ್ಯಾಲೆ ಸಾಸಿವಿ ಸಿಪ್ಪಿಯಷ್ಟು ಒಂದು ಚೂರು
ಕೂಲಂಟಿನ ಜಿಡ್ಡಿನಾಗ ಅಂಟಿ ಕುಂತಿತ್ತು.
ಚಷ್ಮಾದ ಬಟ್ಟಿಲೆ ಒರಸಿದೆ,
ಕಳ್ಳ ಸಿಕ್ಕ ಅಂತ ಖುಷಿ ಪಟ್ಟೆ.
ಸಂಜಿಗೆ ಮತ್ತ ಮೂವತ್ತೈದು.

ಆಮ್ಯಾಲೆ ರೀಡರ್ ಹೆಡ್ಡಿನ ಸಂದು,
ಫೀಲರ್ ಗೇಜಿನ ಎಲಿ ತುರುಕಿ ಅಳದೆ.
ಬ್ರಾಕೆಟ್ಟಿನ ಬೋಲ್ಟು ಬಿಗಿ.
ಡಯಲ್ ಗೇಜ್ ಹಚ್ಚಿ ಕುಂತೆ:
ಮುಳ್ಳು ಇದ್ದಲ್ಲೇ ಐತಿ. ಟೇಬಲ್ ಅಲುಗಿಲ್ಲ.
ಸರದದ್ದು ಬರೇ ಅಂಕಿ.

ಎಕ್ಸಿನ ಪ್ಲಗ್ಗು ವೈಗೆ, ವೈದು ಎಕ್ಸಿಗೆ.
ರೋಗ ಸ್ಕೇಲಿನದಾದ್ರ ಸ್ಕೇಲಿನ ಹಿಂದ ಹೋಗಬೇಕು,
ಡಬ್ಬಿದಾದ್ರ ಡಬ್ಬ್ಯಾಗ ಉಳೀಬೇಕು.
ದಸ್ತಗೀರ ಫೋರ್‌ಮನ್ ಹೇಳಾಂವ,
ಒಂದ ಸಲಕ್ಕ ಒಂದ ಬದಲಸು, ಬರದಿಡು.
ಬರದಿಟ್ಟೆ.
ಅವತ್ತು ಎರಡೂ ಕುಣದ್ವು.

ಸೋಮವಾರ ಆರೂವರಿ. ಮಂಗಳವಾರ ಆರೂವರಿ.
ಬುಧವಾರ ಹತ್ತು ಮಿನಿಟು ತಡ.
ಗುರುವಾರ ಸುಮ್ಮನಿತ್ತು.
ಗುರುವಾರ ನಮ್ಮ ಓಣ್ಯಾಗ ಕರೆಂಟ್ ಹೋಗಿ ಬರತೈತಿ,
ಗಿರಣಿ ಬಂದ್.
ಗಿರಣಿ!
ಗ್ವಾಡಿ ಆಚೆ ವನಿತಾಬಾಯಿ ಕುದಳೆ
ಜ್ವಾಳ ಬೀಸಾಕ ಸ್ವಿಚ್ ಒತ್ತಿದ ಗಳಿಗಿಗೆ
ನನ್ನ ಸೊನ್ನಿ ಬೆಚ್ಚತೈತಿ.
ಏನ್ ಹೇಳ್ಲಿ? ಆ ಹಿಟ್ಟಿನ ರೊಟ್ಟಿ ತಿನ್ನಾಂವ ನಾನ.

ಮೀಟರ್ ಹಿಡದು ಅರ್ಥಿಂಗ್ ಬೆನ್ನತ್ತಿದೆ.
ಹಸರ ವಾಯರು ಬೋರ್ಡಿನ ತನಕ ಬಂದು
ಯಾತಕ್ಕೂ ಸೇರದ, ಸುರುಳಿ ಸುತಗೊಂಡು
ಇಪ್ಪತ್ತೆರಡು ವರ್ಷದಿಂದ ಮಲಗಿತ್ತು.
ವಾಯರಿಂಗ್ ಮಾಡಿದಾಂವ ಯಾರಂತ ಕೇಳಬ್ಯಾಡ್ರಿ.
ನಾಳೆ ಹಚ್ಚಿದ್ರಾತು ಅಂದಿದ್ದು ನೆನಪೈತಿ.

ಹಿತ್ತಲದಾಗ ಗುಂಡಿ ತೋಡಿದೆ.
"ಕಾಯ್ ಲಾವತಾಯ್ ಕಾಕಾ, ಆಂಬಾ?"
ಗ್ವಾಡಿ ಮ್ಯಾಲಿಂದ ವನಿತಾಬಾಯಿ, ರೆಪ್ಪಿ ಮ್ಯಾಲೆ ಹಿಟ್ಟು.
ಇದ್ದಲಿ, ಉಪ್ಪು, ತಾಮ್ರದ ತಗಡು ಕಂಡು
ಮಾವಿನ ಸುದ್ದಿ ಬಿಟ್ಳು.
ತಾನ ಒಂದು ಕೊಡ ನೀರು ತಂದು ಸುರುವಿದ್ಳು.

ಆರೂವರಿ. ಗಿರಣಿ ಗುಡುಗಿತು, ಕಿಡಕಿ ಗಾಜು ನಡಗಿತು.
ಸೊನ್ನಿ, ಸೊನ್ನಿ, ಸೊನ್ನಿ.
ನಂಬಿಕಿ ಬರಲಿಲ್ಲ.
ಹಿಡಿಕಿ ತಿರುವಿ ಹಳೇ ಗೆರಿ ಎಣಿಸಿದೆ.
ಹೆಬ್ಬೆರಳಿಗೆ ಗೊತ್ತಿದ್ದ ಸಡಲು ಹಂಗ ಐತಿ,
ಮುಕ್ಕಾಲು ಗೆರಿ. ಅದು ಇರಲಿ.

ಬ್ಯಾಸಗ್ಯಾಗ ಗುಂಡಿಗೆ ನೀರು ಹಾಕೂದು ಮರೀಬಾರದು.
ಕ್ಯಾಲೆಂಡರಿನಾಗ ಬರದೀನಿ,
ಗ್ಯಾಸ್ ಬುಕ್ ಮಾಡೂ ತಾರೀಖಿನ ಬಾಜೂಕ.